ಪೈಪ್ ಗ್ಯಾಸ್ ಮೀಟರ್ ಓದುವುದು ಹೇಗೆ? ಕಪ್ಪು ಅಂಕಿ, ಕೆಂಪು ಅಂಕಿ ಮತ್ತು ನಿಮ್ಮ ಬಿಲ್ಲು

ಸಿಲಿಂಡರ್ ಕಾಲದಲ್ಲಿ ಲೆಕ್ಕ ಸಲೀಸಾಗಿತ್ತು. ಹಚ್ಚಿದ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ಮುಗಿಯಿತು. ಪೈಪ್ ಗ್ಯಾಸ್ ಬಂದ ಮನೆಗಳಿಂದ ಈಗ ಬರುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ ಬಗೆಯವು: ಮೀಟರಿನಲ್ಲಿ ಎಂಟು ಅಂಕಿಗಳಿವೆ, ಯಾವುದನ್ನು ಬರೆದುಕೊಳ್ಳಬೇಕು? ರೀಡಿಂಗ್ ಕಳಿಸಿ ಅಂತ ಮೆಸೇಜು ಬಂದಿದೆ, ಏನು ಕಳಿಸಲಿ? ಹೋದ ಸಲ ಕಮ್ಮಿ ಬಂದಿದ್ದ ಬಿಲ್ಲು ಈ ಸಲ ದುಪ್ಪಟ್ಟಾಗಿದ್ದು ಯಾಕೆ?

ಮೂರಕ್ಕೂ ಉತ್ತರ ಇಲ್ಲಿದೆ. ಮೊದಲೇ ಒಂದು ಮಾತು. ಗ್ಯಾಸ್ ಬಿಲ್ಲು ಎಂದರೆ ಮೂಲತಃ ಒಂದು ಕಳೆಯುವ ಲೆಕ್ಕ, ಒಂದು ಗುಣಿಸುವ ಲೆಕ್ಕ. ಕಂಪ್ಯೂಟರ್ ಈ ಲೆಕ್ಕದಲ್ಲಿ ತಪ್ಪುವುದು ಅಪರೂಪ. ತಪ್ಪು ನುಸುಳುವುದು ಅದಕ್ಕೂ ಮುಂಚೆ, ಮೀಟರಿನ ಮುಂದೆ ನಿಂತು ಅಂಕಿ ಬರೆದುಕೊಳ್ಳುವಾಗ, ಅಥವಾ ಯಾರೂ ನಿಲ್ಲದೆ ಅಂದಾಜಿನಲ್ಲಿ ಬರೆದಾಗ. ಅದಕ್ಕೇ ಈ ಲೇಖನದ ಹೆಚ್ಚು ಭಾಗ ಮೀಟರಿನ ಮುಖವನ್ನು ನೋಡುವುದಕ್ಕೇ ಮೀಸಲು.

ಯಾವ ಮೀಟರಿನ ಮಾತು ಇದು

ದಾಭೋಲ್–ಬೆಂಗಳೂರು ಕೊಳವೆಮಾರ್ಗ 2013ರಲ್ಲಿ ಶುರುವಾದ ಮೇಲೆ ಬೆಳಗಾವಿ, ಧಾರವಾಡ, ದಾವಣಗೆರೆ, ತುಮಕೂರು ದಾರಿಯಾಗಿ ಬೆಂಗಳೂರಿಗೆ ನೈಸರ್ಗಿಕ ಅನಿಲ ಹರಿಯತೊಡಗಿತು. 2021ರ ಜನವರಿಯಲ್ಲಿ ಕೊಚ್ಚಿ–ಮಂಗಳೂರು ಮಾರ್ಗ ಲೋಕಾರ್ಪಣೆಯಾಗಿ ಕರಾವಳಿಗೂ ಬಂತು. ಮನೆಗೆ ಕೊಡುವ ಕಂಪನಿ ಜಿಲ್ಲೆಯಿಂದ ಜಿಲ್ಲೆಗೆ ಬೇರೆ: ಬೆಂಗಳೂರಿನಲ್ಲೂ ದಕ್ಷಿಣ ಕನ್ನಡದಲ್ಲೂ ಗೇಲ್ ಗ್ಯಾಸ್, ಧಾರವಾಡದಲ್ಲಿ ಇಂಡಿಯನ್ ಆಯಿಲ್–ಅದಾನಿ ಗ್ಯಾಸ್, ಹೀಗೆ. ಬಿಲ್ಲಿನ ವಿನ್ಯಾಸ, ಆ್ಯಪಿನ ಹೆಸರು ಬೇರೆಬೇರೆ ಇರಬಹುದು. ಮೀಟರ್ ಮಾತ್ರ ಬಹುತೇಕ ಎಲ್ಲೆಡೆ ಒಂದೇ ಜಾತಿಯದು, ಡಯಾಫ್ರಾಮ್ ಮೀಟರ್. ಬೂದು ಅಥವಾ ಬಿಳಿ ಬಣ್ಣದ ತಗಡಿನ ಡಬ್ಬಿ, ತಲೆಯ ಮೇಲೆ ಎರಡು ಪೈಪು, ಹೊಟ್ಟೆಯ ಮೇಲೆ ಅಂಕಿಗಳ ಕಿಟಕಿ.

ಒಳಗೆ ನಡೆಯುವುದು ಏನೆಂದು ತಿಳಿದರೆ ಅಂಕಿಗಳ ಅರ್ಥ ಬೇಗ ಹತ್ತುತ್ತದೆ. ಕಮ್ಮಾರನ ಕುಲುಮೆಯ ತಿದಿಯಂತೆ ಒಳಗೆ ಮೆತ್ತನೆಯ ಪೊರೆಗಳಿವೆ. ಗ್ಯಾಸ್ ಒಂದು ಕಡೆ ತುಂಬಿಕೊಳ್ಳುವಾಗ ಇನ್ನೊಂದು ಕಡೆಯಿಂದ ಹೊರಗೆ ತಳ್ಳಲ್ಪಡುತ್ತದೆ. ಒಂದು ಸಲ ತುಂಬಿ ಬರಿದಾದರೆ ಇಷ್ಟು ಗ್ಯಾಸ್ ಎಂದು ಮೊದಲೇ ನಿಗದಿ. ಆ ಚಲನೆಯನ್ನು ಹಲ್ಲುಚಕ್ರಗಳು ಅಂಕಿಯ ಉರುಳೆಗಳಿಗೆ ಮುಟ್ಟಿಸುತ್ತವೆ. ಅಂದರೆ ಈ ಮೀಟರ್ ತೂಗುವುದಿಲ್ಲ, ಶಾಖವನ್ನೂ ಅಳೆಯುವುದಿಲ್ಲ. ಎಷ್ಟು ಜಾಗದ ಗ್ಯಾಸ್ ಹಾದುಹೋಯಿತು ಎಂಬುದನ್ನಷ್ಟೇ ಎಣಿಸುತ್ತದೆ. ವಿದ್ಯುತ್ತೂ ಬೇಡ. ಕರೆಂಟ್ ಹೋದರೂ ಮೀಟರ್ ಓಡುತ್ತಲೇ ಇರುತ್ತದೆ.

ಬೇಕಾದ ಸಾಮಾನು

ಮೊಬೈಲ್ ಫೋನ್, ಒಂದು ನೋಟ್‌ಬುಕ್ಕು, ಹಿಂದಿನ ಬಿಲ್ಲು. ಮೀಟರ್ ಕತ್ತಲೆಯ ಮೂಲೆಯಲ್ಲಿದ್ದರೆ ಟಾರ್ಚ್. ಬೆಂಕಿಕಡ್ಡಿ ಅಥವಾ ಲೈಟರ್ ಹಚ್ಚಿ ಅಂಕಿ ನೋಡುವ ಸಾಹಸ ಮಾತ್ರ ಬೇಡ. ಹೇಳಬೇಕಾದ ಮಾತೇ ಅಲ್ಲ ಇದು, ಆದರೂ ಹೇಳುತ್ತಿದ್ದೇನೆ.

1. ನಿಮ್ಮ ಮೀಟರ್ ಯಾವುದೆಂದು ಖಚಿತ ಮಾಡಿಕೊಳ್ಳಿ

ಬಿಡಿ ಮನೆಯಾದರೆ ಈ ಹಂತ ಬಿಟ್ಟು ಮುಂದೆ ಹೋಗಿ. ಅಪಾರ್ಟ್‌ಮೆಂಟಿನಲ್ಲಿ ಎಷ್ಟೋ ಕಡೆ ಮೀಟರ್ ಅಡುಗೆಮನೆಯಲ್ಲಿ ಅಥವಾ ಯುಟಿಲಿಟಿಯಲ್ಲಿ ಇರುತ್ತದೆ. ಕೆಲವು ಕಡೆ ಮಹಡಿಯ ಮೂಲೆಯಲ್ಲಿ, ಡಕ್ಟಿನಲ್ಲಿ ನಾಲ್ಕೈದು ಸಾಲಾಗಿ ನಿಂತಿರುತ್ತವೆ. ಪಕ್ಕದ ಮನೆಯ ರೀಡಿಂಗ್ ನಿಮ್ಮ ಹೆಸರಿಗೆ ಬೀಳುವ ಸಾಧ್ಯತೆ ಇರುವುದು ಇಲ್ಲೇ.

ಬಿಲ್ಲಿನಲ್ಲಿ ಮೀಟರ್ ಸಂಖ್ಯೆ ಎಂದು ಒಂದು ಸಾಲು ಇರುತ್ತದೆ. ಮೀಟರಿನ ಮೇಲೆ ಬಾರ್‌ಕೋಡಿನ ಹತ್ತಿರ ಅಚ್ಚಾಗಿರುವ ಕ್ರಮಸಂಖ್ಯೆಯೊಂದಿಗೆ ಅದನ್ನು ಅಂಕಿಯಿಂದ ಅಂಕಿಗೆ ಹೋಲಿಸಿ. ಫ್ಲಾಟ್ ನಂಬರಿನ ಸ್ಟಿಕ್ಕರ್ ಅಂಟಿಸಿದ್ದರೂ ಅದನ್ನು ನಂಬಬೇಡಿ. ಸ್ಟಿಕ್ಕರ್ ಅಂಟಿಸಿದ್ದು ಮನುಷ್ಯರೇ.

ಇನ್ನೂ ಅನುಮಾನವಿದ್ದರೆ ಮನೆಯಲ್ಲೊಬ್ಬರಿಗೆ ಒಲೆ ಹಚ್ಚಲು ಹೇಳಿ, ನೀವು ಮೀಟರಿನ ಮುಂದೆ ನಿಲ್ಲಿ. ಕೊನೆಯ ಕೆಂಪು ಅಂಕಿ ಮೆಲ್ಲಗೆ ಉರುಳಬೇಕು. ಒಲೆ ಆರಿಸಿದಾಗ ನಿಲ್ಲಬೇಕು. ಎರಡು ಮೂರು ಸಲ ಹಚ್ಚಿ ಆರಿಸಿ ನೋಡಿ, ಏಕೆಂದರೆ ಪಕ್ಕದ ಮನೆಯವರೂ ಅದೇ ಹೊತ್ತಿಗೆ ಸಾರು ಕುದಿಸುತ್ತಿರಬಹುದು.

2. ಮೀಟರಿನ ಮುಖದ ಮೇಲೆ ಏನೇನಿದೆ ನೋಡಿ

ಅಲ್ಲಿ ಬೇಕಾದಷ್ಟು ಸಂಖ್ಯೆಗಳಿವೆ. ರೀಡಿಂಗ್ ಅವುಗಳಲ್ಲಿ ಒಂದು ಮಾತ್ರ. ಉಳಿದವು ಯಾವುವೆಂದು ಗೊತ್ತಾದರೆ ಗೊಂದಲ ಆಗದು.

ಜಿ 1.6 ಎಂಬುದು ಮೀಟರಿನ ಅಳತೆಯ ವರ್ಗ. ಮನೆಗಳಿಗೆ ಸಾಮಾನ್ಯವಾಗಿ ಹಾಕುವುದು ಇದನ್ನೇ. ಕ್ಯೂ ಮ್ಯಾಕ್ಸ್ 2.5 ಎಂದರೆ ಗಂಟೆಗೆ ಗರಿಷ್ಠ 2.5 ಘನ ಮೀಟರ್ ಗ್ಯಾಸನ್ನು ಅದು ಸರಿಯಾಗಿ ಅಳೆಯಬಲ್ಲದು. ಕ್ಯೂ ಮಿನ್ 0.016 ಎಂದರೆ ಗಂಟೆಗೆ 16 ಲೀಟರಿನಷ್ಟು ಸಣ್ಣ ಹರಿವಿನವರೆಗೂ ಅದರ ಅಳತೆಗೆ ಖಾತರಿ ಇದೆ. ಈ ಕೊನೆಯ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಸೋರಿಕೆಯ ಮಾತು ಬಂದಾಗ ಬೇಕಾಗುತ್ತದೆ. ಇವಲ್ಲದೆ ತಯಾರಾದ ವರ್ಷ, ಗ್ಯಾಸ್ ಹರಿಯುವ ದಿಕ್ಕಿನ ಬಾಣ, ಕ್ರಮಸಂಖ್ಯೆ ಇರುತ್ತವೆ.

ಅಂಕಿಗಳ ಕಿಟಕಿಯ ಪಕ್ಕದಲ್ಲಿ ಎಂ ಅಕ್ಷರ, ಅದರ ತಲೆಯ ಮೇಲೆ ಪುಟ್ಟ 3 ಕಾಣುತ್ತದೆ. ಅದೇ ಘನ ಮೀಟರ್: ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಪೆಟ್ಟಿಗೆಯಲ್ಲಿ ಹಿಡಿಯುವಷ್ಟು ಗ್ಯಾಸ್. ಒಂದು ಘನ ಮೀಟರ್ ಎಂದರೆ 1000 ಲೀಟರ್. ಬೆಸ್ಕಾಂ ಬಿಲ್ಲಿನ ಯೂನಿಟ್ಟಿಗೂ ಇದಕ್ಕೂ ಸಂಬಂಧವಿಲ್ಲ, ಎರಡಕ್ಕೂ ಬಾಯಿಮಾತಿನಲ್ಲಿ ಯೂನಿಟ್ ಅಂತಲೇ ಅಂದರೂ.

3. ಕಪ್ಪು ಅಂಕಿಗಳನ್ನು ಬರೆದುಕೊಳ್ಳಿ

ಕಿಟಕಿಯಲ್ಲಿ ಎಡಗಡೆ ಐದು ಅಂಕಿ ಕಪ್ಪು ಹಿನ್ನೆಲೆಯಲ್ಲಿ, ಬಲಗಡೆ ಮೂರು ಅಂಕಿ ಕೆಂಪು ಬಣ್ಣದಲ್ಲಿ ಅಥವಾ ಕೆಂಪು ಚೌಕಟ್ಟಿನೊಳಗೆ ಇರುತ್ತವೆ. ಕಪ್ಪು ಅಂಕಿಗಳು ಪೂರ್ತಿ ಘನ ಮೀಟರ್. ಕೆಂಪು ಅಂಕಿಗಳು ದಶಮಾಂಶ, ಅಂದರೆ ಇನ್ನೂ ಒಂದು ಘನ ಮೀಟರ್ ತುಂಬದೆ ನಡುದಾರಿಯಲ್ಲಿರುವ ಲೀಟರುಗಳು.

ನಿಮ್ಮ ಮೀಟರ್ 00143,672 ಎಂದು ತೋರಿಸುತ್ತಿದೆ ಎನ್ನಿ. ಇದನ್ನು ಓದಬೇಕಾದ್ದು 143 ಘನ ಮೀಟರ್ ಮತ್ತು 672 ಲೀಟರ್ ಎಂದು. ಬಿಲ್ಲಿಗೆ ಕೊಡಬೇಕಾದ ರೀಡಿಂಗ್ 143. ಎಡಗಡೆಯ ಸೊನ್ನೆಗಳನ್ನು ಬರೆದರೂ ನಡೆಯುತ್ತದೆ, ಬಿಟ್ಟರೂ ನಡೆಯುತ್ತದೆ.

ಎಚ್ಚರ: ನಡುವಿನ ಆ ಅಲ್ಪವಿರಾಮವೇ ಅತಿ ದೊಡ್ಡ ಬಲೆ. ಈ ಮೀಟರುಗಳ ವಿನ್ಯಾಸ ಯುರೋಪಿನದು. ಅಲ್ಲಿ ನಾವು ಚುಕ್ಕಿ ಇಡುವ ಕಡೆ ಅಲ್ಪವಿರಾಮ ಇಡುತ್ತಾರೆ. ಸಾವಿರಕ್ಕೊಂದು ಅಲ್ಪವಿರಾಮ ಹಾಕಿ ರೂಢಿಯಾದ ನಮ್ಮ ಕಣ್ಣಿಗೆ ಅದು ಒಂದು ಲಕ್ಷದ ನಲವತ್ಮೂರು ಸಾವಿರದ ಆರುನೂರ ಎಪ್ಪತ್ತೆರಡು ಎಂದೇ ಕಾಣುತ್ತದೆ. ಆ್ಯಪಿನಲ್ಲಿ 143672 ಎಂದು ತುಂಬಿಸಿದರೆ ಸಾಫ್ಟ್‌ವೇರ್ ತಿರಸ್ಕರಿಸಿದರೆ ನಿಮ್ಮ ಪುಣ್ಯ. ಒಪ್ಪಿಕೊಂಡರೆ ಲಕ್ಷಗಳ ಬಿಲ್ಲು ಬಂದು, ಅದನ್ನು ಸರಿಪಡಿಸಲು ಓಡಾಡುವುದು ನಿಮ್ಮ ಪಾಲಿಗೆ.

ಕೆಂಪು ಅಂಕಿ ಬಿಟ್ಟರೆ ನಷ್ಟವಲ್ಲವೇ ಎಂದು ಕೆಲವರು ಕೇಳುತ್ತಾರೆ. ಇಲ್ಲ. ಈ ಸಲ ಬಿಟ್ಟ 672 ಲೀಟರ್ ಮೀಟರಿನಲ್ಲೇ ಇರುತ್ತದೆ, ಮುಂದಿನ ರೀಡಿಂಗಿನಲ್ಲಿ ಕಪ್ಪು ಅಂಕಿಯಾಗಿ ಬಂದು ಸೇರುತ್ತದೆ. 672 ಇದೆಯಲ್ಲ, 144 ಎಂದು ಮೇಲಕ್ಕೆ ಸರಿಹೊಂದಿಸೋಣ ಎನ್ನುವುದೂ ಬೇಡ.

4. ಅಂಕಿ ಅರ್ಧ ಉರುಳಿದ್ದರೆ

ಕಪ್ಪು ಅಂಕಿಗಳ ಪೈಕಿ ಕೊನೆಯದು 3ಕ್ಕೂ 4ಕ್ಕೂ ನಡುವೆ ಸಿಕ್ಕಿಹಾಕಿಕೊಂಡಂತೆ ಕಂಡರೆ ಚಿಕ್ಕದನ್ನೇ ಬರೆಯಿರಿ: 3. ಮುಂದಿನ ಅಂಕಿ ಪೂರ್ತಿ ಬಂದು ಕೂರುವವರೆಗೂ ಆ ಘನ ಮೀಟರ್ ಮುಗಿದಿಲ್ಲ. 9ಕ್ಕೂ 0ಗೂ ನಡುವೆ ಇದ್ದರೆ 9 ಎಂದು ಬರೆಯಿರಿ, 0 ಅಲ್ಲ. ಇಲ್ಲಿ ಸೊನ್ನೆಯೇ ದೊಡ್ಡದು, ಅದು ಹತ್ತು. ಹೀಗಾದಾಗ ಅದರ ಎಡಗಡೆಯ ಉರುಳೆಯೂ ಸ್ವಲ್ಪ ಮೇಲೆದ್ದಿರುತ್ತದೆ. ಅಲ್ಲೂ ಚಿಕ್ಕದೇ. ಉದಾಹರಣೆಗೆ 149 ದಾಟಿ 150 ಆಗುವ ಹೊತ್ತಿನಲ್ಲಿ ಒಂದನ್ನು ಹಳೆಯದು, ಇನ್ನೊಂದನ್ನು ಹೊಸದು ಎಂದು ಬೆರೆಸಿ ಓದಿದರೆ 159 ಅಥವಾ 140 ಆಗಿಬಿಡುತ್ತದೆ. ಹತ್ತು ಯೂನಿಟ್ಟಿನ ವ್ಯತ್ಯಾಸ.

ಅನುಮಾನ ಬಂದರೆ ಕೆಂಪು ಅಂಕಿ ನೋಡಿ. ಅವು 980, 990ರ ಆಸುಪಾಸಿನಲ್ಲಿದ್ದರೆ ಕಪ್ಪು ಅಂಕಿ ಇನ್ನೂ ಉರುಳುತ್ತಿದೆ ಎಂದರ್ಥ. 010, 020 ಇದ್ದರೆ ಉರುಳಿ ಮುಗಿದಿದೆ.

ಕೆಲವು ಹೊಸ ಸಂಪರ್ಕಗಳಲ್ಲಿ ಉರುಳೆಯ ಬದಲು ಡಿಜಿಟಲ್ ಪರದೆಯ ಮೀಟರ್ ಇರುತ್ತದೆ. ಗುಂಡಿ ಒತ್ತಿದರೆ ಪರದೆ ಬೆಳಗಿ ಒಂದಾದ ಮೇಲೊಂದು ಸಂಖ್ಯೆ ತೋರಿಸುತ್ತದೆ: ದಿನಾಂಕ, ಆ ಕ್ಷಣದ ಹರಿವು, ಒಟ್ಟು ಬಳಕೆ, ಪ್ರೀಪೇಯ್ಡ್ ಆಗಿದ್ದರೆ ಉಳಿದ ಹಣ. ನಿಮಗೆ ಬೇಕಾದ್ದು ಒಟ್ಟು ಬಳಕೆ. ಘನ ಮೀಟರಿನ ಪಕ್ಕದಲ್ಲಿ ಗಂಟೆಗೆ ಎಂಬ ಗುರುತು ಇದ್ದರೆ ಅದು ಹರಿವು, ಅದನ್ನು ಬಿಡಿ. ಪರದೆ ಬೆಳಗದಿದ್ದರೆ ಬ್ಯಾಟರಿ ಮುಗಿದಿರಬಹುದು. ನೀವೇ ಬಿಚ್ಚಬೇಡಿ, ಕಂಪನಿಗೆ ತಿಳಿಸಿ.

5. ಫೋಟೊ ತೆಗೆಯಿರಿ, ತಾರೀಕಿನೊಂದಿಗೆ ಬರೆದಿಡಿ

ಕಂಪನಿಗಳು ಈಗ ಗ್ರಾಹಕರೇ ರೀಡಿಂಗ್ ಕಳಿಸಲು ಅವಕಾಶ ಕೊಡುತ್ತವೆ. ಆ್ಯಪ್, ವಾಟ್ಸ್‌ಆ್ಯಪ್, ಎಸ್ಸೆಮ್ಮೆಸ್, ಯಾವುದಾದರೂ ಒಂದು. ಫೋಟೊದಲ್ಲಿ ಅಂಕಿಗಳ ಕಿಟಕಿ ಮತ್ತು ಮೀಟರಿನ ಕ್ರಮಸಂಖ್ಯೆ ಎರಡೂ ಒಂದೇ ಚೌಕಟ್ಟಿನಲ್ಲಿ ಬರಬೇಕು. ಕ್ರಮಸಂಖ್ಯೆ ಇಲ್ಲದ ಫೋಟೊ ತಕರಾರಿನ ಹೊತ್ತಿನಲ್ಲಿ ಯಾರ ಮನೆಯದೂ ಆಗಬಹುದು. ಎದುರಿನಿಂದಲೇ ಫ್ಲ್ಯಾಶ್ ಹೊಡೆದರೆ ಗಾಜು ಹೊಳೆದು 3 ಹೋಗಿ 8 ಆಗುತ್ತದೆ. ಫ್ಲ್ಯಾಶ್ ಆರಿಸಿ, ಬದಿಯಿಂದ ಟಾರ್ಚ್ ಹಿಡಿಯಿರಿ. ಆದರೆ ಫೋನನ್ನು ಅಂಕಿಗಳ ನೇರಕ್ಕೇ ಹಿಡಿಯಬೇಕು. ಮೇಲಿನಿಂದ ಅಥವಾ ಕೆಳಗಿನಿಂದ ಓರೆಯಾಗಿ ನೋಡಿದರೆ ಅರ್ಧ ಉರುಳಿದ ಅಂಕಿ ಬೇರೆಯೇ ಆಗಿ ಕಾಣುತ್ತದೆ.

ಕಳಿಸುವಾಗ ಗಡುವು ನೋಡಿ. ಬಿಲ್ಲಿಂಗ್ ಅವಧಿ ಮುಗಿದ ಮೇಲೆ ಕಳಿಸಿದ ರೀಡಿಂಗ್ ಮುಂದಿನ ಅವಧಿಗೆ ಹೋಗುತ್ತದೆ, ಈ ಸಲದ್ದು ಅಂದಾಜಿನ ಬಿಲ್ಲೇ ಆಗುತ್ತದೆ.

ಕಂಪನಿ ಕೇಳಲಿ ಬಿಡಲಿ, ಪ್ರತಿ ತಿಂಗಳು ಒಂದೇ ತಾರೀಕಿಗೆ ನೋಟ್‌ಬುಕ್ಕಿನಲ್ಲಿ ಕೆಂಪು ಅಂಕಿ ಸಮೇತ ಬರೆದಿಡಿ ಎಂಬುದು ನನ್ನ ಒತ್ತಾಯ. ಇದು ಬಿಲ್ಲಿಗಲ್ಲ, ನಿಮಗೆ. ಬಿಲ್ಲು ಬರುವುದು ಬಹಳ ಕಡೆ ಎರಡು ತಿಂಗಳಿಗೊಮ್ಮೆ. ಅಷ್ಟರಲ್ಲಿ ಏನಾದರೂ ಹೆಚ್ಚುಕಡಿಮೆ ಆಗಿದ್ದರೆ ಯಾವ ವಾರ ಆಯಿತೆಂದು ಹೇಳಲು ಈ ನೋಟ್‌ಬುಕ್ಕು ಬಿಟ್ಟರೆ ಬೇರೆ ಸಾಕ್ಷಿ ಇಲ್ಲ.

6. ಕಳೆಯಿರಿ, ಗುಣಿಸಿ

ಈಗಿನ ರೀಡಿಂಗಿನಿಂದ ಹಿಂದಿನದನ್ನು ಕಳೆಯಿರಿ. ಈಗ 143, ಹಿಂದಿನ ಬಿಲ್ಲಿನಲ್ಲಿ 118 ಎಂದಿದ್ದರೆ ಬಳಕೆ 25. ದರದಿಂದ ಗುಣಿಸಿ. ದರ ಕಾಲಕಾಲಕ್ಕೆ ಬದಲಾಗುತ್ತದೆ, ಬಿಲ್ಲಿನಲ್ಲೇ ಅಚ್ಚಾಗಿರುತ್ತದೆ. ಲೆಕ್ಕದ ಅನುಕೂಲಕ್ಕೆ 50 ರೂಪಾಯಿ ಎಂದಿಟ್ಟುಕೊಂಡರೆ 25ಕ್ಕೆ 1250 ರೂಪಾಯಿ. ನೈಸರ್ಗಿಕ ಅನಿಲ ಇನ್ನೂ ಜಿಎಸ್‌ಟಿಯ ಹೊರಗಿದೆ, ಇದಕ್ಕೆ ಬೀಳುವುದು ರಾಜ್ಯದ ವ್ಯಾಟ್. ನಿಮ್ಮ ಬಿಲ್ಲಿನ ದರ ವ್ಯಾಟ್ ಸೇರಿಸಿ ಹೇಳಿದ್ದೋ, ಸೇರಿಸದೆ ಹೇಳಿದ್ದೋ ನೋಡಿಕೊಳ್ಳಿ. ಕನಿಷ್ಠ ಶುಲ್ಕ, ಠೇವಣಿಯ ಕಂತು, ತಡವಾಗಿ ಕಟ್ಟಿದ್ದಕ್ಕೆ ದಂಡ, ಹಿಂದಿನ ಬಾಕಿ ಇವೆಲ್ಲ ಬೇರೆ ಸಾಲುಗಳಲ್ಲಿ ಬರುತ್ತವೆ. ಬಿಲ್ಲು ಜಾಸ್ತಿ ಬಂತು ಎನ್ನುವ ಮುಂಚೆ ಅದು ಗ್ಯಾಸಿನ ದುಡ್ಡೋ, ಈ ಬೇರೆ ಸಾಲುಗಳ ದುಡ್ಡೋ ಬೇರ್ಪಡಿಸಿ ನೋಡಿ.

ಬಿಲ್ಲಿನಲ್ಲಿ ಬಳಕೆಯ ಪಕ್ಕ ಎಸ್‌ಸಿಎಂ ಎಂದು ಬರೆದಿರುತ್ತದೆ. ಅದು ಪ್ರಮಾಣಿತ ಘನ ಮೀಟರ್. 15 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ, ಸಮುದ್ರಮಟ್ಟದ ವಾಯುಒತ್ತಡ ಇದ್ದಾಗ ಒಂದು ಘನ ಮೀಟರಿನಲ್ಲಿ ಹಿಡಿಯುವ ಗ್ಯಾಸ್ ಎಂದು ಅದರ ಅರ್ಥ. ಗ್ಯಾಸ್ ಬಿಸಿಯಾದರೆ ಹಿಗ್ಗುತ್ತದೆ, ಒತ್ತಡ ಕಡಿಮೆಯಾದರೂ ಹಿಗ್ಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ವಾಯುಒತ್ತಡ ಸುಮಾರು 910 ಮಿಲಿಬಾರ್, ಸಮುದ್ರಮಟ್ಟದಲ್ಲಿ 1013. ಒಲೆಗೆ ಬರುವ ಗ್ಯಾಸಿನ ಒತ್ತಡ ಹೊರಗಿನ ಗಾಳಿಗಿಂತ 21 ಮಿಲಿಬಾರ್ ಮಾತ್ರ ಹೆಚ್ಚು. ಇವನ್ನೆಲ್ಲ ಕೂಡಿಸಿ ನೋಡಿದರೆ ಬೆಂಗಳೂರಿನ ಮೀಟರ್ ಎಣಿಸುವ ಒಂದು ಘನ ಮೀಟರಿನಲ್ಲಿ ಪ್ರಮಾಣಿತ ಘನ ಮೀಟರಿಗಿಂತ ಸುಮಾರು ಹತ್ತನೇ ಒಂದು ಭಾಗ ಕಡಿಮೆ ಗ್ಯಾಸ್ ಇರುತ್ತದೆ. ಮಂಗಳೂರಿನಲ್ಲಿ ಈ ವ್ಯತ್ಯಾಸ ಶೇಕಡ ಎರಡು ಮೂರಷ್ಟೇ.

ಇದನ್ನು ಹೇಳಿದ್ದಕ್ಕೆ ಕಾರಣವಿದೆ. ಬಿಲ್ಲಿನಲ್ಲಿ ತಿದ್ದುಪಡಿ ಗುಣಕ ಎಂಬ ಸಾಲು ಇದ್ದು, ಅದು 1ಕ್ಕಿಂತ ಕಡಿಮೆ ಇದ್ದರೆ ಗಾಬರಿಯಾಗಬೇಡಿ, ಅದು ನಿಮ್ಮ ಪರವಾಗಿಯೇ ಇದೆ. ಗುಣಕ 1 ಎಂದಿದ್ದರೆ ಅಥವಾ ಆ ಸಾಲೇ ಇಲ್ಲದಿದ್ದರೆ ಮೀಟರಿನ ಘನ ಮೀಟರನ್ನೇ ಎಸ್‌ಸಿಎಂ ಎಂದು ಎಣಿಸಿದ್ದಾರೆ. ನೀವು ಮನೆಯಲ್ಲಿ ಮಾಡಿದ ಲೆಕ್ಕಕ್ಕೂ ಬಿಲ್ಲಿಗೂ ಹೊಂದಿಕೆಯಾಗದಿದ್ದರೆ ಮೊದಲು ಹುಡುಕಬೇಕಾದ್ದು ಈ ಸಾಲನ್ನು.

7. ಬಂದ ಸಂಖ್ಯೆ ನಂಬುವಂತಿದೆಯೇ ನೋಡಿ

14.2 ಕಿಲೋದ ಒಂದು ಸಿಲಿಂಡರಿನಲ್ಲಿರುವ ಶಾಖ ಸರಿಸುಮಾರು 17–18 ಎಸ್‌ಸಿಎಂ ಪೈಪ್ ಗ್ಯಾಸಿನ ಶಾಖಕ್ಕೆ ಸಮ. ಹಿಂದೆ ನಿಮ್ಮ ಮನೆಯಲ್ಲಿ ಸಿಲಿಂಡರ್ ಎಷ್ಟು ದಿನ ಬರುತ್ತಿತ್ತು ನೆನಪು ಮಾಡಿಕೊಳ್ಳಿ. 45 ದಿನ ಬರುತ್ತಿದ್ದರೆ ದಿನಕ್ಕೆ ಸುಮಾರು 0.4 ಎಸ್‌ಸಿಎಂ, ಎರಡು ತಿಂಗಳಿಗೆ 24ರ ಆಸುಪಾಸು. ಅಂಥ ಮನೆಗೆ 25 ಬಂದರೆ ಸರಿ. 45 ಬಂದರೆ ಕಾರಣ ಹುಡುಕಬೇಕು. ಸ್ನಾನದ ನೀರಿಗೆ ಗ್ಯಾಸ್ ಗೀಸರ್ ಹಾಕಿಸಿದ್ದರೆ ಈ ಹೋಲಿಕೆ ಕೆಲಸಕ್ಕೆ ಬಾರದು, ಗೀಸರ್ ಒಲೆಯನ್ನು ಮೀರಿ ಗ್ಯಾಸ್ ಕುಡಿಯುತ್ತದೆ.

ಮೀಟರ್ ಓಡುವ ವೇಗದ ಅಂದಾಜು ಬೇಕಿದ್ದರೆ ಉಳಿದ ಎಲ್ಲ ಬರ್ನರ್ ಆರಿಸಿ, ಒಂದು ದೊಡ್ಡ ಬರ್ನರನ್ನು ಪೂರ್ತಿ ಉರಿಯಲ್ಲಿ ಹತ್ತು ನಿಮಿಷ ಉರಿಸಿ. ನೀರಿನ ಪಾತ್ರೆ ಇಟ್ಟರೆ ಗ್ಯಾಸ್ ದಂಡವಾಗುವುದಿಲ್ಲ. 2 ಕಿಲೋವ್ಯಾಟಿನ ಬರ್ನರ್ ಆದರೆ ಕೆಂಪು ಅಂಕಿಗಳು ಸುಮಾರು 35 ಮುಂದೆ ಹೋಗಬೇಕು, ಅಂದರೆ 35 ಲೀಟರ್. 25 ಬಂದರೂ 45 ಬಂದರೂ ತಲೆಕೆಡಿಸಿಕೊಳ್ಳಬೇಡಿ, ಬರ್ನರುಗಳ ಶಕ್ತಿ ಬೇರೆಬೇರೆ. 100 ದಾಟಿದರೆ ಅಥವಾ ಅಂಕಿ ಅಲುಗಾಡದಿದ್ದರೆ ದೂರು ಕೊಡಿ. ಒಲೆ ಉರಿಯುತ್ತಿದ್ದರೂ ಅಂಕಿ ಓಡದಿದ್ದರೆ ಲಾಭವಾಯಿತು ಎಂದುಕೊಂಡು ಸುಮ್ಮನಿರುವವರಿದ್ದಾರೆ. ನಿಂತುಹೋದ ಮೀಟರ್ ಒಂದಲ್ಲ ಒಂದು ದಿನ ಪತ್ತೆಯಾಗುತ್ತದೆ; ಆಗ ಹಳೆಯ ಸರಾಸರಿ ಹಿಡಿದು ಬಿಲ್ಲು ಹಾಕುತ್ತಾರೆ, ಜೊತೆಗೆ ಮೀಟರನ್ನು ನೀವೇ ಕೆಡಿಸಿದಿರೇ ಎಂಬ ಪ್ರಶ್ನೆಯೂ ಬರುತ್ತದೆ.

ಅಳತೆಯ ನಿಖರತೆಯ ಬಗ್ಗೆ ಒಂದು ಮಾತು. ಮನೆಯ ಡಯಾಫ್ರಾಮ್ ಮೀಟರುಗಳಿಗೆ ಇರುವ ಇಎನ್ 1359 ಎಂಬ ಮಾನದಂಡದ 1.5 ದರ್ಜೆಯ ಪ್ರಕಾರ, ಹೊಸ ಮೀಟರ್ ದೊಡ್ಡ ಹರಿವಿನಲ್ಲಿ ಶೇಕಡ ಒಂದೂವರೆ, ಸಣ್ಣ ಹರಿವಿನಲ್ಲಿ ಶೇಕಡ ಮೂರರವರೆಗೆ ಹೆಚ್ಚುಕಡಿಮೆ ತೋರಿಸಬಹುದು. 25 ಯೂನಿಟ್ಟಿನಲ್ಲಿ ಶೇಕಡ ಮೂರು ಎಂದರೆ ಮುಕ್ಕಾಲು ಯೂನಿಟ್. ದುಪ್ಪಟ್ಟು ಬಿಲ್ಲಿಗೆ ಇದು ಕಾರಣವಾಗಲಾರದು.

ದುಪ್ಪಟ್ಟು ಬಿಲ್ಲಿನ ಹಿಂದೆ ಹೆಚ್ಚಾಗಿ ಇರುವುದು ಅಂದಾಜು

ಮನೆಗೆ ಬೀಗ ಹಾಕಿತ್ತು, ರೀಡಿಂಗಿಗೆ ಬಂದವರಿಗೆ ಮೀಟರ್ ಸಿಗಲಿಲ್ಲ, ನೀವೂ ಕಳಿಸಲಿಲ್ಲ. ಆಗ ಕಂಪನಿ ಹಿಂದಿನ ಬಳಕೆ ನೋಡಿ ಒಂದು ಅಂದಾಜು ಅಂಕಿ ಹಾಕುತ್ತದೆ. ಬಿಲ್ಲಿನ ಮೂಲೆಯಲ್ಲಿ ಅದು ಅಂದಾಜು ಅಥವಾ ಸರಾಸರಿ ಎಂದು ಬರೆದಿರುತ್ತದೆ. ನಿಜವಾದ ರೀಡಿಂಗ್ ಆಗಿದ್ದರೆ ಹಾಗೆಂದು ಇರುತ್ತದೆ. ಈ ಒಂದು ಪದವನ್ನು ನೋಡದೆ ಬಿಲ್ಲು ಕಟ್ಟಬೇಡಿ.

ಅಂದಾಜು ಜಾಸ್ತಿಯಾದರೆ ಏನಾಗುತ್ತದೆ? ಹಿಂದಿನ ನಿಜ ರೀಡಿಂಗ್ 118. ಕಂಪನಿ 30 ಎಂದು ಅಂದಾಜಿಸಿ 148 ಎಂದು ಬರೆಯಿತು. ನಿಮ್ಮ ಮೀಟರಿನಲ್ಲಿ ಆ ದಿನ ಇದ್ದದ್ದು 139. ಮುಂದಿನ ಸಲ ನಿಜವಾದ ರೀಡಿಂಗ್ 165 ಬಂತು. ಆಗ ಬಿಲ್ಲು 165ರಿಂದ 148 ಕಳೆದು 17ಕ್ಕೆ ಬರುತ್ತದೆ, ನೀವು ಬಳಸಿದ್ದು 26 ಆದರೂ. ಎರಡೂ ಬಿಲ್ಲು ಸೇರಿಸಿದರೆ 47, ಮೀಟರ್ ಓಡಿದ್ದೂ 47. ಲೆಕ್ಕ ಸರಿಹೋಯಿತು.

ಅಂದಾಜು ಕಡಿಮೆಯಾದಾಗ ಇದು ತಿರುಗಿ ಬೀಳುತ್ತದೆ. 118ಕ್ಕೆ ಬರೇ 8 ಸೇರಿಸಿ 126 ಎಂದು ಬರೆದರೆ ಆ ಬಿಲ್ಲು ನೋಡಿ ಖುಷಿಯಾಗುತ್ತದೆ. ಮುಂದಿನ ಬಿಲ್ಲು 165ರಿಂದ 126 ಕಳೆದು 39. ಓದುಗರು ಕೇಳುವ ದುಪ್ಪಟ್ಟು ಬಿಲ್ಲುಗಳಲ್ಲಿ ಬಹಳಷ್ಟು ಇವೇ. ಇದರಲ್ಲಿ ನಿಜವಾದ ಕಿರಿಕಿರಿ ಒಂದಿದೆ: ನಡುವೆ ದರ ಏರಿದ್ದರೆ ಹಿಂದಿನ ಅವಧಿಯ ಬಳಕೆಗೂ ಹೊಸ ದರ ಬೀಳಬಹುದು. ನೋಟ್‌ಬುಕ್ಕಿನಲ್ಲಿ ಆ ತಾರೀಕಿನ ರೀಡಿಂಗ್, ಫೋನಿನಲ್ಲಿ ಅದರ ಫೋಟೊ ಇದ್ದರೆ ಹಿಂದಿನ ಭಾಗವನ್ನು ಹಳೆಯ ದರಕ್ಕೆ ಹಾಕಿಕೊಡಿ ಎಂದು ಕೇಳಲು ಆಧಾರ ಸಿಗುತ್ತದೆ.

ಊರಿಗೆ ಹೋಗಿ ತಿಂಗಳುಗಟ್ಟಲೆ ಬೀಗ ಹಾಕುವವರು ಹೊರಡುವ ದಿನ ಫೋಟೊ ತೆಗೆದು ಕಳಿಸಿ, ಮೀಟರಿನ ಪಕ್ಕದ ವಾಲ್ವ್ ಮುಚ್ಚಿ ಹೋಗಿ. ವಾಲ್ವಿನ ಹಿಡಿಕೆ ಪೈಪಿನ ಉದ್ದಕ್ಕೇ ಇದ್ದರೆ ತೆರೆದಿದೆ, ಅಡ್ಡಕ್ಕೆ ಇದ್ದರೆ ಮುಚ್ಚಿದೆ.

ಒಲೆ ಆರಿದ್ದರೂ ಅಂಕಿ ಓಡುತ್ತಿದ್ದರೆ

ಮೀಟರಿನಿಂದ ಇನ್ನೊಂದು ಉಪಯೋಗವಿದೆ. ರಾತ್ರಿ ಮಲಗುವ ಮುಂಚೆ ಎಲ್ಲ ಬರ್ನರ್, ಗೀಸರ್ ಆರಿಸಿ ಕೆಂಪು ಅಂಕಿ ಸಮೇತ ಬರೆದಿಡಿ. ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಮತ್ತೆ ನೋಡಿ. ಒಂದು ಲೀಟರಿನಷ್ಟೂ ಮುಂದೆ ಹೋಗಿರಬಾರದು. ಹೋಗಿದ್ದರೆ ಮೀಟರ್ ದಾಟಿದ ಮೇಲೆ ಎಲ್ಲೋ ಸೋರುತ್ತಿದೆ: ಒಲೆಗೆ ಹೋಗುವ ರಬ್ಬರ್ ಕೊಳವೆ, ಅದರ ಜೋಡಣೆ, ಒಲೆಯ ಗುಂಡಿ.

ಅಂಕಿ ಓಡದಿದ್ದ ಮಾತ್ರಕ್ಕೆ ಸೋರಿಕೆಯೇ ಇಲ್ಲ ಎಂದು ತೀರ್ಮಾನಿಸಬೇಡಿ. ಮೀಟರಿನ ಖಾತರಿ ಇರುವುದು ಗಂಟೆಗೆ 16 ಲೀಟರಿನಿಂದ ಮೇಲಕ್ಕೆ. ಬಹಳ ಸಣ್ಣ ಸೋರಿಕೆ ಪೊರೆಗಳನ್ನು ಅಲುಗಿಸದೆ ನುಸುಳಿಹೋಗಬಹುದು. ಮೀಟರಿಗಿಂತ ಮುಂಚಿನ ಪೈಪಿನ ಸೋರಿಕೆಯಂತೂ ಅದಕ್ಕೆ ಗೊತ್ತೇ ಆಗದು. ಮೂಗು, ಸೋಪಿನ ನೊರೆ ಇವೆರಡೂ ಇದ್ದೇ ಇರಬೇಕು. ಜೋಡಣೆಗಳಿಗೆ ನೊರೆ ಹಚ್ಚಿದಾಗ ಗುಳ್ಳೆ ಎದ್ದರೆ ಅಲ್ಲಿ ಸೋರಿಕೆ ಇದೆ.

ವಾಸನೆ ಬಂದರೆ ಮೀಟರ್ ಓದುತ್ತಾ ನಿಲ್ಲಬೇಡಿ. ವಾಲ್ವ್ ಮುಚ್ಚಿ, ಕಿಟಕಿ ಬಾಗಿಲು ತೆರೆಯಿರಿ, ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂಬೇಡಿ. ಎಕ್ಸಾಸ್ಟ್ ಫ್ಯಾನ್ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಅದರ ಕಿಡಿಯೇ ಸಾಕು. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲಿ ಹರಡಿ ಕೂರುತ್ತದೆ. ಪೈಪ್ ಗ್ಯಾಸಿನಲ್ಲಿರುವುದು ಬಹುಪಾಲು ಮೀಥೇನ್, ಗಾಳಿಗಿಂತ ಹಗುರ, ಮೇಲಕ್ಕೇರಿ ಚಾವಣಿಯ ಕೆಳಗೆ ನಿಲ್ಲುತ್ತದೆ. ಹಾಗಾಗಿ ಮೇಲಿನ ಗವಾಕ್ಷಿಗಳನ್ನು ಮುಚ್ಚಿಸಬೇಡಿ. ಹೊರಗೆ ಬಂದ ಮೇಲೆ ಫೋನ್ ಮಾಡಿ. 1906 ಎಂಬುದು ಎಲ್‌ಪಿಜಿ ಸೋರಿಕೆಯ ಸಹಾಯವಾಣಿ. ಪೈಪ್ ಗ್ಯಾಸಿಗೆ ನಿಮ್ಮ ಕಂಪನಿಯ ತುರ್ತು ಸಂಖ್ಯೆ ಬೇರೆ ಇದೆ, ಬಿಲ್ಲಿನ ಮೇಲಿರುತ್ತದೆ. ಇವತ್ತೇ ಫೋನಿನಲ್ಲಿ ಉಳಿಸಿಕೊಳ್ಳಿ.

ಮೀಟರಿಗೆ ಮಾಡಬಾರದ್ದು

ಮಾಡ್ಯುಲರ್ ಕಿಚನ್ ಮಾಡುವ ಬಡಗಿಗೆ ಮೀಟರ್ ಎಂದರೆ ಕಣ್ಣುಕಿಸುರು. ಅದನ್ನು ಗಾಳಿಯಾಡದ ಕಪಾಟಿನೊಳಗೆ ಸೇರಿಸಿ ಬಾಗಿಲು ಜಡಿಯಲು ನೋಡುತ್ತಾರೆ. ಬಿಡಬೇಡಿ. ಜಾಗ ಬದಲಿಸಲೇಬೇಕಿದ್ದರೆ ಕಂಪನಿಯವರೇ ಬಂದು ಬದಲಿಸಬೇಕು. ಹಬ್ಬಕ್ಕೆ ಸುಣ್ಣಬಣ್ಣ ಮಾಡಿಸುವಾಗ ಕಿಟಕಿಯ ಗಾಜಿಗೆ, ಕ್ರಮಸಂಖ್ಯೆಗೆ ಬಣ್ಣ ತಾಗದಂತೆ ಕಾಗದ ಅಂಟಿಸಿ, ಕೆಲಸ ಮುಗಿದ ಮೇಲೆ ತೆಗೆಯಿರಿ. ಪೈಪಿಗೆ ಕೈಚೀಲ ನೇತುಹಾಕುವುದು, ಬಟ್ಟೆ ಒಣಹಾಕುವುದು ಬೇಡ. ಸೀಲಿನ ತಂತಿ ತುಂಡಾಗಿದ್ದು ಕಂಡರೆ ಫೋಟೊ ತೆಗೆದು ಅದೇ ದಿನ ತಿಳಿಸಿ, ಇಲ್ಲವಾದರೆ ಕಿತ್ತವರು ನೀವೇ ಎಂದಾಗುತ್ತದೆ.

ವಿದೇಶದಲ್ಲಿರುವ ಮಕ್ಕಳ ಮನೆಯಲ್ಲಿ

ಅಲ್ಲಿಂದಲೂ ಕೇಳುವವರಿದ್ದಾರೆ, ಆದ್ದರಿಂದ ಚುಟುಕಾಗಿ. ಬ್ರಿಟನ್ನಿನಲ್ಲಿ ಹೊಸ ಮೀಟರುಗಳು ನಮ್ಮಂತೆಯೇ ಘನ ಮೀಟರಿನವು, ಆದರೆ ಬಿಲ್ಲು ಕಿಲೋವ್ಯಾಟ್ ಗಂಟೆಯಲ್ಲಿ ಬರುತ್ತದೆ. ಬಳಸಿದ ಘನ ಮೀಟರನ್ನು 1.02264ರಿಂದ ಗುಣಿಸಿ, ಬಿಲ್ಲಿನಲ್ಲಿರುವ ಶಾಖಮೌಲ್ಯದಿಂದ (ಸಾಮಾನ್ಯವಾಗಿ 39ರ ಆಸುಪಾಸು) ಗುಣಿಸಿ, 3.6ರಿಂದ ಭಾಗಿಸಿದರೆ ಅದು ಸಿಗುತ್ತದೆ. ಹಳೆಯ ಮೀಟರ್ ನೂರು ಘನ ಅಡಿಗಳಲ್ಲಿ ಎಣಿಸುವಂಥದ್ದಾದರೆ ಮೊದಲು 2.83ರಿಂದ ಗುಣಿಸಿ ಘನ ಮೀಟರ್ ಮಾಡಿಕೊಳ್ಳಬೇಕು. ಅಮೆರಿಕದಲ್ಲಿ ಗಡಿಯಾರದಂಥ ಮುಳ್ಳುಗಳ ಮೀಟರ್ ಇನ್ನೂ ಇವೆ. ಅಕ್ಕಪಕ್ಕದ ಮುಳ್ಳುಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ತಿರುಗುತ್ತವೆ, ಪ್ರತಿ ಬಿಲ್ಲೆಯ ಮೇಲಿನ ಅಂಕಿಗಳ ಕ್ರಮ ನೋಡಿಯೇ ಓದಬೇಕು. ಎರಡು ಅಂಕಿಗಳ ನಡುವೆ ಮುಳ್ಳಿದ್ದರೆ ಅಲ್ಲೂ ಚಿಕ್ಕದೇ, 9 ಮತ್ತು 0 ನಡುವೆ ಇದ್ದರೆ ಅಲ್ಲೂ 9.

ಬಾಡಿಗೆ ಮನೆ, ಹೊಸ ಮೀಟರ್

ಬಾಡಿಗೆ ಮನೆಗೆ ಬರುವ ದಿನ ಮತ್ತು ಬಿಡುವ ದಿನ ಮಾಲೀಕರ ಎದುರಿಗೇ ರೀಡಿಂಗ್ ಬರೆದು, ಫೋಟೊವನ್ನು ಇಬ್ಬರ ವಾಟ್ಸ್‌ಆ್ಯಪಿಗೂ ಹಾಕಿ. ಹಿಂದಿನ ಬಾಡಿಗೆದಾರರ ಅಂದಾಜು ಬಿಲ್ಲಿನ ಬಾಕಿ ಹೊಸಬರ ತಲೆಗೆ ಬರುವುದು ತಪ್ಪುತ್ತದೆ.

ಕಂಪನಿ ಮೀಟರ್ ಬದಲಿಸಿದರೆ ಹಳೆಯದರ ಕೊನೆಯ ರೀಡಿಂಗ್, ಹೊಸದರ ಮೊದಲ ರೀಡಿಂಗ್, ಎರಡರ ಕ್ರಮಸಂಖ್ಯೆ ಇರುವ ಚೀಟಿಯನ್ನು ಕೇಳಿ ಪಡೆಯಿರಿ. ಹೊಸ ಮೀಟರ್ ಸೊನ್ನೆಯಿಂದಲೇ ಶುರುವಾಗಬೇಕೆಂದಿಲ್ಲ. ಕಾರ್ಖಾನೆಯ ಪರೀಕ್ಷೆಯಲ್ಲಿ ಒಂದೆರಡು ಘನ ಮೀಟರ್ ಓಡಿರುತ್ತದೆ. ಆ ಅವಧಿಯ ಬಿಲ್ಲಿನಲ್ಲಿ ಎರಡು ಸಾಲು ಬಳಕೆ ಇರಬೇಕು, ಹಳೆಯ ಮೀಟರಿಗೊಂದು, ಹೊಸದಕ್ಕೊಂದು. ಒಂದೇ ಸಾಲು ಇದ್ದರೆ ಹಳೆಯದರ ಅಂಕಿಯಿಂದ ಹೊಸದರ ಅಂಕಿಯನ್ನು ಕಳೆದಿರುವ ಸಾಧ್ಯತೆ ಇದೆ. ಚೀಟಿಯ ಫೋಟೊ ಲಗತ್ತಿಸಿ ದೂರು ಬರೆಯಿರಿ, ದೂರಿನ ಸಂಖ್ಯೆ ಬಂದ ಮೇಲೆ ಅದನ್ನೂ ಅದೇ ನೋಟ್‌ಬುಕ್ಕಿನಲ್ಲಿ ಆ ತಿಂಗಳ ರೀಡಿಂಗಿನ ಪಕ್ಕ ಬರೆದುಕೊಳ್ಳಿ.